ಪ್ರತಿಕ್ರಿಯೆ: ದಿನಾ ಕಾಳಗವೇ ಇತ್ತಾ?

ಅಮೆರಿಕದ ಅಂತರ್ಯುದ್ಧದಲ್ಲಿ (1861–65) ಸಾಮಾನ್ಯ ಸಿಪಾಯಿ ದಿನಾ ಹೋರಾಡ್ತಿದ್ನಾ, ಏನು ತಿಂತಿದ್ದ ಅಂತ ಕೇಳಿದ್ದೀರಿ. ದಿನಾ ಕಾಳಗ ಇರಲಿಲ್ಲ ಸರ್. ಹೆಚ್ಚಿನ ದಿನಗಳು ಕವಾಯತು, ಕಾವಲು, ಸೌದೆ ಒಡೆಯೋದು, ಮೈಲಿಗಟ್ಟಲೆ ನಡೆಯೋದು, ಇಷ್ಟರಲ್ಲೇ ಕಳೀತಿದ್ದವು.

ಊಟದ್ದೇ ದೊಡ್ಡ ಕಥೆ. ಉತ್ತರದವರ (ಅಂದ್ರೆ ಕೇಂದ್ರ ಸರ್ಕಾರದ ಪಡೆಯ) ಮುಖ್ಯ ಆಹಾರ ಉಪ್ಪು ಹಾಕಿಟ್ಟ ಹಂದಿಮಾಂಸ, ಕಾಫಿ, ಮತ್ತೆ ಹಾರ್ಡ್‌ಟ್ಯಾಕ್ ಅನ್ನೋ ಬಿಸ್ಕತ್ತು. ಬರೀ ಹಿಟ್ಟು, ನೀರು. ಹಲ್ಲಿಗೆ ಕಲ್ಲು ಸಿಕ್ಕ ಹಾಗೆ. ಅದನ್ನ ಬಂದೂಕಿನ ಹಿಡಿಯಿಂದ ಕುಟ್ಟಿ, ಬಿಸಿ ಕಾಫಿಗೆ ಹಾಕೋರು. ಒಳಗಿದ್ದ ಹುಳ ಮೇಲೆ ತೇಲಿ ಬರೋವು, ಚಮಚದಲ್ಲಿ ತೆಗೆದೆಸೆದು ಕುಡಿಯೋರು! ದೇಶದಿಂದ ಬೇರೆಯಾಗ್ತೀವಿ ಅಂದ ದಕ್ಷಿಣದವರಿಗೆ ಉತ್ತರದವರ ನೌಕಾ ದಿಗ್ಬಂಧನದಿಂದ ಕಾಫಿಬೀಜವೇ ಸಿಗದೆ, ಚಿಕೋರಿ, ಹುರಿದ ಕಡಲೆಕಾಯಿ, ಮುಸುಕಿನ ಜೋಳ ಏನು ಸಿಕ್ಕರೆ ಅದನ್ನೇ ಕುದಿಸೋರು. ನಾವು ಕಾಫಿಗೆ ಚಿಕೋರಿ ಬೆರೆಸ್ತೀವಿ, ಅವರಿಗೆ ಚಿಕೋರಿಯೇ ಕಾಫಿ.

ಸಂಬಳ: ಉತ್ತರದ ಸಿಪಾಯಿಗೆ ತಿಂಗಳಿಗೆ 13 ಡಾಲರ್, 1864ರಲ್ಲಿ 16 ಆಯ್ತು. ಅದೂ ಎಷ್ಟೋ ಸಲ ತಿಂಗಳುಗಟ್ಟಲೆ ಬಾಕಿ. ಕಪ್ಪು ಸಿಪಾಯಿಗಳಿಗೆ ಮೊದಲು 10 ಡಾಲರ್, ಅದರಲ್ಲೂ ಬಟ್ಟೆಗೆ ಅಂತ 3 ಕಡಿತ. ಕಪ್ಪು ಸಿಪಾಯಿಗಳ ದಳವಾದ ಮ್ಯಾಸಚೂಸೆಟ್ಸ್‌ನ 54ನೇ ರೆಜಿಮೆಂಟಿನವರು ಅರೆಸಂಬಳ ಬೇಡವೇ ಬೇಡ ಅಂತ ಒಂದು ವರ್ಷಕ್ಕೂ ಹೆಚ್ಚು ಕಾಲ ದುಡ್ಡು ಮುಟ್ಟಲಿಲ್ಲ. ನನಗಂತೂ ಯಾವ ಕಾಳಗಕ್ಕಿಂತಲೂ ಅದೇ ದೊಡ್ಡದು ಅನ್ಸುತ್ತೆ.

ಇನ್ನು ಸಾವು. ಗುಂಡಿಗಿಂತ ಭೇದಿ, ಟೈಫಾಯಿಡ್, ನ್ಯುಮೋನಿಯಾಗಳೇ ಹೆಚ್ಚು ಜನರನ್ನ ಕೊಂದವು. ಸತ್ತ ಮೂವರಲ್ಲಿ ಸುಮಾರು ಇಬ್ಬರು ರೋಗದಿಂದ. ಕುಡಿಯೋ ನೀರಿನ ಪಕ್ಕದಲ್ಲೇ ಪಾಯಿಖಾನೆ ಗುಂಡಿ ಇದ್ದರೆ ಇನ್ನೇನಾಗುತ್ತೆ ಹೇಳಿ.