ನೆರೆಯಲ್ಲಿ ಹಾಳಾದ ಚಿಕ್ಕ ಚರ್ಚಿಗೆ ಬೇರೆ ಧರ್ಮದ ನೆರೆಹೊರೆಯವರು ಹೇಗೆ ನೆರವಾಗಬಹುದು?

ಪಕ್ಕದ ಚರ್ಚಿನೊಳಗೆ ನೆರೆಯ ನೀರು ನುಗ್ಗಿದೆ, ಸಭೆಯಲ್ಲಿರುವುದು ಬೆರಳೆಣಿಕೆಯ ಕುಟುಂಬಗಳು, ಬೇರೆ ಧರ್ಮದವರಾದ ನೀವು ನೆರವಿಗೆ ಹೋದರೆ ಅವರಿಗೆ ಮುಜುಗರವಾದೀತೇ ಎಂದು ಕೇಳಿದ್ದೀರಿ. ಇಂಥದ್ದೇ ಸಂದರ್ಭದಲ್ಲಿ ನಾನೂ ಹೊರಗಿನವನಾಗಿಯೇ ಹೋಗಿದ್ದೆ. ಮುಜುಗರವಾದದ್ದು ನನಗೆ, ಅವರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ.

ಹೋದವನೇ ಯಾರನ್ನೂ ಕೇಳದೆ, ಕೆಸರು ಮೆತ್ತಿದ ಬೆಂಚುಗಳ ಜೊತೆಗೆ ಮುಂದಿದ್ದ ಮೇಜನ್ನೂ ಹೊರಗೆ ಎಳೆಯಲು ಕೈಹಾಕಿದೆ. ಅದು ಕರ್ತನ ಭೋಜನದ, ಅಂದರೆ ಯೇಸುವಿನ ಕೊನೆಯ ಊಟದ ನೆನಪಿನ ಆಚರಣೆಯ ಮೇಜೆಂದೂ ಅದನ್ನು ತಾವೇ ಎತ್ತುತ್ತೇವೆಂದೂ ಸಭೆಯ ಹಿರಿಯರೊಬ್ಬರು ಮೆಲ್ಲಗೆ ಹೇಳಿದರು. ಆದ್ದರಿಂದ ವಿದ್ಯುತ್ತಿನ ಮುಖ್ಯ ಸ್ವಿಚ್ ಆರಿಸಿರುವುದನ್ನು ಖಚಿತಪಡಿಸಿಕೊಂಡು ಒಳಗೆ ಹೋದ ಮೇಲೆ, ಯಾವುದನ್ನು ಮುಟ್ಟಬಹುದು, ಯಾವುದನ್ನು ಮುಟ್ಟಬಾರದು ಎಂದು ಸಭಾಪಾಲಕರನ್ನೇ (ಪಾಸ್ಟರನ್ನೇ) ಮೊದಲು ಕೇಳಿ.

ಸಭೆಯವರು ಆ ದಿನ ಹುಡುಕುತ್ತಿದ್ದದ್ದು ಬೀರುವಿನ ಕೆಳಖಾನೆಯಲ್ಲಿದ್ದ ದೀಕ್ಷಾಸ್ನಾನ (ಬ್ಯಾಪ್ಟಿಸಂ), ಮದುವೆ ಮತ್ತು ಸಮಾಧಿಯ ದಾಖಲೆ ಪುಸ್ತಕಗಳನ್ನು. ಬೆಂಚನ್ನು ಬಡಗಿ ಇನ್ನೊಮ್ಮೆ ಮಾಡಿಕೊಡಬಲ್ಲ. ಮೂರು ತಲೆಮಾರಿನ ಹೆಸರುಗಳನ್ನು ಯಾರೂ ಮತ್ತೆ ಬರೆಯಲಾರರು. ಒದ್ದೆ ಕಾಗದಕ್ಕೆ ಸುಮಾರು 48 ಗಂಟೆಗಳಲ್ಲಿ ಬೂಷ್ಟು ಹಿಡಿಯತೊಡಗುತ್ತದೆ. ಬಿಸಿಲಿಗಿಟ್ಟರೆ ಹಾಳೆ ಸೆಟೆದುಕೊಳ್ಳುತ್ತದೆ, ಅಂಟಿಕೊಂಡ ಪುಟಗಳನ್ನು ಬಲವಂತವಾಗಿ ಬಿಡಿಸಿದರೆ ಹರಿಯುತ್ತದೆ. ಒಂದೆರಡು ಪುಸ್ತಕಗಳಾದರೆ ಪುಟಗಳ ನಡುವೆ ಶಾಯಿ ಹೀರುವ ಕಾಗದವಿಟ್ಟು, ಅದನ್ನು ಆಗಾಗ ಬದಲಿಸುತ್ತ, ಫ್ಯಾನಿನ ಗಾಳಿಯಲ್ಲಿ ಒಣಗಿಸಬಹುದು. ಹೆಚ್ಚಿದ್ದರೆ ಒಂದೊಂದನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರಿನಲ್ಲಿಡಬೇಕು. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಬೆಳೆಯುವುದಿಲ್ಲ, ಬಿಡುವಾದಾಗ ಸ್ವಲ್ಪಸ್ವಲ್ಪವಾಗಿ ತೆಗೆದು ಒಣಗಿಸಬಹುದು. ನಮ್ಮ ಬೀದಿಯ ನಾಲ್ಕು ಮನೆಗಳವರು ಫ್ರೀಜರ್ ಖಾಲಿ ಮಾಡಿ ಜಾಗ ಕೊಟ್ಟರು. ಯಾರದೋ ಅಜ್ಜನ ಮದುವೆಯ ದಾಖಲೆ ಇನ್ನಾರದೋ ಅಡುಗೆಮನೆಯಲ್ಲಿ ತಿಂಗಳುಗಟ್ಟಲೆ ಕುಳಿತಿತ್ತು.

ಎರಡನೆಯದು ಭಾನುವಾರ. ಆರಾಧನೆಗೆ ಸೇರಲು ಜಾಗವಿಲ್ಲದಿದ್ದರೆ ಚಿಕ್ಕ ಸಭೆ ಬಹುಬೇಗ ಚದುರಿಹೋಗುತ್ತದೆ. ಖಾಲಿ ಕೊಠಡಿಯಿದ್ದರೆ, ಇಷ್ಟು ವಾರ ಎಂದು ಗಡುವು ಹೇಳದೆ ಕೊಡಿ. ಹಳೆಯ ಬಟ್ಟೆಬರೆಯ ಮೂಟೆಗಳನ್ನು ಮಾತ್ರ ಕೇಳದೆ ಕಳುಹಿಸಬೇಡಿ. ಅವನ್ನು ವಿಂಗಡಿಸುವುದೇ ಅವರಿಗೆ ಇನ್ನೊಂದು ಕೆಲಸವಾಗುತ್ತದೆ.

ಹಣದ ವಿಷಯದಲ್ಲಿ ಚಿಕ್ಕ ಚರ್ಚಿನ ತೊಂದರೆ ಅದು ಯಾರ ಕಣ್ಣಿಗೂ ಬೀಳದಿರುವುದು. 2019ರ ಮಾರ್ಚ್ ಕೊನೆಯಿಂದ ಏಪ್ರಿಲ್ ಮೊದಲ ವಾರದೊಳಗೆ ಅಮೆರಿಕದ ಲೂಸಿಯಾನದಲ್ಲಿ ಕಪ್ಪು ಜನರ ಮೂರು ಚರ್ಚುಗಳಿಗೆ ಬೆಂಕಿ ಹಚ್ಚಲಾಗಿತ್ತು, ಅವುಗಳಿಗಾಗಿ ತೆರೆದ ದೇಣಿಗೆ ಖಾತೆ ಕುಂಟುತ್ತಿತ್ತು. ಏಪ್ರಿಲ್ 15ರಂದು ಪ್ಯಾರಿಸ್ಸಿನ ಹೆಸರಾಂತ ಚರ್ಚು ನೋತ್ರ್ ದಾಮ್ ಹೊತ್ತಿ ಉರಿದು ಜಗತ್ತೇ ಅತ್ತ ತಿರುಗಿದಾಗ, ಈ ಮೂರನ್ನೂ ಮರೆಯಬೇಡಿ ಎಂದು ಹಲವರು ಬರೆದರು. ಕೆಲವೇ ದಿನಗಳಲ್ಲಿ ಆ ಖಾತೆ 18 ಲಕ್ಷ ಡಾಲರುಗಳ ಗುರಿಯನ್ನು ದಾಟಿತು. ನಿಮ್ಮ ಪಕ್ಕದ ಚರ್ಚಿನ ಬಗ್ಗೆ ಬರೆಯಲು, ಹೇಳಲು ನಿಮಗೇನೂ ಖರ್ಚಿಲ್ಲ, ಆದರೆ ಏನು ಬರೆಯುತ್ತೀರಿ ಎಂಬುದನ್ನು ಅವರಿಗೆ ತೋರಿಸಿಯೇ ಬರೆಯಿರಿ, ಹಣ ನೇರವಾಗಿ ಅವರ ಖಾತೆಗೇ ಹೋಗಲಿ.

ಕೊನೆಗೆ ಗೋಡೆಗಳ ಮಾತು. ಹೊರಗೆ ಒಣಗಿದಂತೆ ಕಂಡರೂ ನೀರು ಕುಡಿದ ಗೋಡೆ ಒಳಗಿನಿಂದ ಒಣಗಲು ತಿಂಗಳುಗಳೇ ಬೇಕು. ಹಬ್ಬಕ್ಕೆ ಮುಂಚೆ ಮುಗಿಸಿಬಿಡೋಣವೆಂಬ ಉಮೇದಿನಲ್ಲಿ ನಾವು ಇಪ್ಪತ್ತು ಜನ ಸೇರಿ ಒಂದೇ ದಿನದಲ್ಲಿ ಬಣ್ಣ ಹಚ್ಚಿದೆವು. ಅದು ಗುಳ್ಳೆಯೆದ್ದು ಉದುರಿದಾಗ, ಕೆರೆದು ತೆಗೆಯಲು ಹೋದವರು ಮೂವರು.