ಟಾನಿಕ್‌ನಿಂದ ತುಂಬದ ಕೊರತೆ

ಪ್ರಶ್ನೆ: ಮಗನಿಗೆ 14 ತಿಂಗಳು. ಎರಡು ಸಲ ನ್ಯುಮೋನಿಯಾ ಆಯಿತು, ಕಿವಿ ಸೋರುವುದು ನಿಂತೇ ಇಲ್ಲ. ನನ್ನ ಅಣ್ಣನೂ ಚಿಕ್ಕಂದಿನಲ್ಲಿ ಹೀಗೇ ನರಳಿ ತೀರಿಕೊಂಡ. ರೋಗನಿರೋಧಕ ಶಕ್ತಿಗೆ ಟಾನಿಕ್ ಕೊಡಲೇ?
– ಮಗುವಿನ ತಾಯಿ, ಸೋಮವಾರಪೇಟೆ

ಉತ್ತರ: ಟಾನಿಕ್, ಕಷಾಯಗಳಿಗೆ ದುಡ್ಡು ಸುರಿಯಬೇಡಿ. ನಿಮ್ಮ ಅಣ್ಣನ ವಿಷಯವೇ ದೊಡ್ಡ ಸುಳಿವು. ತಾಯಿಯ ಮೂಲಕ ಗಂಡುಮಕ್ಕಳಿಗೆ ಬರುವ ಎಕ್ಸ್-ಲಿಂಕ್ಡ್ ಅಗ್ಯಾಮಾಗ್ಲೋಬ್ಯುಲಿನೀಮಿಯಾ ಇರಬಹುದು. ಬಿಟಿಕೆ ಎಂಬ ಜೀನ್ ಕೆಟ್ಟಿರುವುದರಿಂದ ಬಿಳಿ ರಕ್ತಕಣಗಳ ಒಂದು ಬಗೆಯಾದ ಬಿ ಕಣಗಳು ಬೆಳೆಯುವುದಿಲ್ಲ, ಸೋಂಕನ್ನು ಎದುರಿಸುವ ಆಂಟಿಬಾಡಿ ತಯಾರಾಗುವುದಿಲ್ಲ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಬಂದದ್ದು ಸುಮಾರು ಆರು ತಿಂಗಳು ಕಾಯುತ್ತದೆ, ಆಮೇಲೆ ಸೋಂಕು ಶುರು.

ಮೊದಲು ಐಜಿಜಿ, ಐಜಿಎ, ಐಜಿಎಂ ಎಂಬ ಆಂಟಿಬಾಡಿಗಳ ರಕ್ತಪರೀಕ್ಷೆ ಮಾಡಿಸಿ. ಕಡಿಮೆ ಬಂದರೆ ಬಿ ಕಣಗಳ ಎಣಿಕೆಗೆ ಬೆಂಗಳೂರಿಗೇ ಹೋಗಿ. ಆ ರಕ್ತ ತಾಜಾ ಇರಬೇಕು.

ಖಚಿತವಾದರೆ 3-4 ವಾರಕ್ಕೊಮ್ಮೆ ಇಮ್ಯುನೋಗ್ಲೋಬ್ಯುಲಿನ್ (ಸಿದ್ಧ ಆಂಟಿಬಾಡಿ) ಡ್ರಿಪ್, ಜೀವನಪೂರ್ತಿ. ಸಾಮಾನ್ಯವಾಗಿ ಕಿಲೋ ತೂಕಕ್ಕೆ 400-600 ಮಿಲಿಗ್ರಾಂ, ಅಂದರೆ 10 ಕಿಲೋ ಮಗುವಿಗೆ 4-6 ಗ್ರಾಂ. ವೇಗವಾಗಿ ಹರಿಸಿದರೆ ಚಳಿ, ತಲೆನೋವು ಬರಬಹುದು. ನಿಧಾನಿಸಿದರೆ ಹೆಚ್ಚಾಗಿ ಇಳಿಯುತ್ತದೆ. ಕೊಟ್ಟ ಐಜಿಜಿ ಸುಮಾರು ಮೂರು ವಾರದಲ್ಲಿ ಅರ್ಧಕ್ಕಿಳಿಯುವುದರಿಂದ, ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ರಸ್ತೆ ಕುಸಿಯುವ ಮೊದಲೇ ವೈದ್ಯರನ್ನು ಕೇಳಿ ಡ್ರಿಪ್ ಅನ್ನು ನಿಗದಿತ ದಿನಕ್ಕಿಂತ ಮುಂಚೆಯೇ ಹಾಕಿಸಿಕೊಳ್ಳಿ.

ಜೀವಂತ ವೈರಸ್ ಇರುವ ಪೋಲಿಯೊ ಹನಿ ಈ ಮಗುವಿಗೂ ಬೇಡ, ಮನೆಯ ಇತರ ಮಕ್ಕಳಿಗೂ ಬೇಡ. ಆಶಾ ಕಾರ್ಯಕರ್ತೆಗೆ ಮುಂಚೆಯೇ ತಿಳಿಸಿ. ನೀರು ಕುದಿಸಿಯೇ ಕೊಡಿ, ಜಿಯಾರ್ಡಿಯಾ ಎಂಬ ಪರಾವಲಂಬಿಯ ಭೇದಿ ಇಂಥವರನ್ನು ಬಿಡದೆ ಕಾಡುತ್ತದೆ. ನೀವು ವಾಹಕರಾಗಿದ್ದರೆ, ಅಂದರೆ ಕೆಟ್ಟ ಜೀನ್ ನಿಮ್ಮಲ್ಲಿದ್ದರೆ, ಮುಂದಿನ ಪ್ರತಿ ಗಂಡುಮಗುವಿಗೂ ಈ ಕಾಯಿಲೆ ಬರುವ ಶೇ. 50 ಸಾಧ್ಯತೆ ಇದೆ.