ಡಾಕ್ಟರರಿಗೆ ಪತ್ರ: ಕಾಡಿಗೆ ಬರುವ ಕಾಯಿಲೆಗಳು

(ಕಾಸರಗೋಡಿನ ಗಡಿಭಾಗದಲ್ಲಿ ಬಹುಕಾಲ ಪಶುವೈದ್ಯರಾಗಿದ್ದು ನಿವೃತ್ತರಾದ ನಮ್ಮ ಅಂಕಣಕಾರರು, ವನ್ಯಜೀವಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಕೈಗೆತ್ತಿಕೊಂಡಿದ್ದಾರೆ. – ಸಂ.)

ಊರ ನಾಯಿಯಿಂದ ಕಾಡಿನ ಪ್ರಾಣಿಗೆ ರೋಗ ಹರಡುತ್ತದೆ ಎಂದು ಪೇಪರಿನಲ್ಲಿ ಓದಿದೆ. ಚಿರತೆ ನಾಯಿಯನ್ನು ಹಿಡಿಯುವುದು ನಮಗೆ ಗೊತ್ತು. ನಾಯಿ ಚಿರತೆಯನ್ನು ಕೊಲ್ಲುವುದೂ ಉಂಟೇ? ನಮ್ಮ ಮನೆ ಕಾಡಿನ ಬದಿಯಲ್ಲೇ ಇದೆ. ಎರಡು ನಾಯಿಗಳಿವೆ.
– ಕೃಷಿಕರೊಬ್ಬರು, ಮುಳ್ಳೇರಿಯ

ಉಂಟು ಮಾರಾಯ್ರೇ. ಕಚ್ಚಿ ಅಲ್ಲ, ಸೀನಿ.

ಡಿಸ್ಟೆಂಪರ್ ಎಂಬ ವೈರಸ್ ರೋಗ ನಾಯಿಮರಿಗಳಿಗೆ ಬರುವುದನ್ನು ನೀವೂ ನೋಡಿರಬಹುದು. ಮೊದಲು ಕಣ್ಣಿನಲ್ಲಿ ಪಿಸುರು, ಮೂಗಿನಲ್ಲಿ ದಪ್ಪ ಸಿಂಬಳ, ಜ್ವರ, ಭೇದಿ. ಒಂದೆರಡು ವಾರ ಕಳೆದು, ಇನ್ನೇನು ಗುಣವಾಯಿತು ಅನ್ನುವಾಗ ದವಡೆ ತನ್ನಷ್ಟಕ್ಕೆ ಅಲುಗಲು ಶುರುವಾಗುತ್ತದೆ. ಬಾಯಲ್ಲಿ ಏನೂ ಇರುವುದಿಲ್ಲ, ಆದರೂ ಜಗಿಯುತ್ತಲೇ ಇರುತ್ತದೆ. ಆಮೇಲೆ ಒಂದು ಕಾಲು ತಾಳ ಹಾಕಿದಂತೆ ಅದುರುತ್ತದೆ. ಕೆಲವಕ್ಕೆ ಅಂಗಾಲು ದಪ್ಪಗಾಗಿ ಒರಟಾಗುತ್ತದೆ. ಅಷ್ಟು ಹೊತ್ತಿಗೆ ರೋಗ ಮಿದುಳಿಗೆ ಹೋಗಿರುತ್ತದೆ. ಊರಲ್ಲಿ ಇದಕ್ಕೆ ‘ವಿಷ ಹಾಕಿದ್ದಾರೆ’ ಎಂದು ಪಕ್ಕದ ಮನೆಯವರ ಮೇಲೆ ಜಗಳಕ್ಕೆ ಹೋದವರೂ ಇದ್ದಾರೆ.

ಇದೇ ವೈರಸ್ 1994ರಲ್ಲಿ ಆಫ್ರಿಕಾದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳನ್ನು ಕೊಂದಿತು. ಅಲ್ಲಿದ್ದ ಸಿಂಹಗಳಲ್ಲಿ ಮೂರರಲ್ಲೊಂದು ಪಾಲು. ಆದರೆ ವೈರಸ್ ಒಂದೇ ಆ ಕೆಲಸ ಮಾಡಿದ್ದಲ್ಲ. ಅದಕ್ಕೂ ಮೊದಲು ಭಾರೀ ಬರಗಾಲ. ಸೊರಗಿದ ಕಾಡೆಮ್ಮೆಗಳ ಮೈತುಂಬ ರಕ್ತ ಹೀರುವ ಉಣ್ಣೆ. ಅವನ್ನು ತಿಂದ ಸಿಂಹಗಳಿಗೆ ಉಣ್ಣೆಯಿಂದ ಬರುವ ಬಬೇಸಿಯಾ ರೋಗಾಣು ಅಂಟಿತು, ಅದರ ಮೇಲೆ ಡಿಸ್ಟೆಂಪರ್ ಬಂತು. ಡಿಸ್ಟೆಂಪರ್ ಮಾತ್ರ ಬಂದುಹೋದ ಬೇರೆ ವರ್ಷಗಳಲ್ಲಿ ಸಿಂಹಗಳು ಅಷ್ಟಾಗಿ ಸತ್ತಿರಲಿಲ್ಲ ಎಂಬುದು ಹಳೆಯ ರಕ್ತದ ಮಾದರಿಗಳನ್ನು ಪರೀಕ್ಷಿಸಿದಾಗ ತಿಳಿಯಿತು. ನಮ್ಮ ಗುಜರಾತಿನ ಗಿರ್‌ನಲ್ಲೂ 2018ರ ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ದಲಖಾನಿಯಾ ವಲಯದಲ್ಲಿ 23 ಸಿಂಹಗಳು ಸತ್ತವು. ಅಲ್ಲೂ ಇವೇ ಎರಡು ರೋಗಾಣು ಸಿಕ್ಕಿದವು. ಏಷ್ಯಾದ ಸಿಂಹಗಳೆಲ್ಲ ಒಂದೇ ಮೂಲೆಯಲ್ಲಿರುವುದು ಅಪಾಯ, ಕೆಲವನ್ನು ಮಧ್ಯಪ್ರದೇಶದ ಕುನೋ ಕಾಡಿಗೆ ಸಾಗಿಸಿ ಎಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿತ್ತು. ಕುನೋಗೆ 2022ರಲ್ಲಿ ಚೀತಾ ಬಂತು, ಸಿಂಹ ಇನ್ನೂ ಬಂದಿಲ್ಲ. ಅದು ಬೇರೆ ಕತೆ.

ನಮ್ಮ ಕಡೆ ನನಗೆ ಹೆಚ್ಚು ಚಿಂತೆ ಸೀಳುನಾಯಿಗಳದ್ದು. ಅವು ನಾಯಿಯ ಹತ್ತಿರದ ಸಂಬಂಧಿಗಳು, ಗುಂಪಾಗಿ ಬದುಕುವಂಥವು. ಒಂದಕ್ಕೆ ಬಂದರೆ ಗುಂಪಿಗೇ ಬಂದಂತೆ. ಇಥಿಯೋಪಿಯದ ತೋಳಗಳದ್ದೂ ಇದೇ ಪಾಡು. ಉಳಿದಿರುವುದೇ ಸುಮಾರು 500; ಕುರಿ ಕಾಯುವವರ ನಾಯಿಗಳಿಂದ ರೇಬೀಸ್ ಬಂದಾಗಲೆಲ್ಲ ಗುಂಪುಗಟ್ಟಲೆ ಸಾಯುತ್ತವೆ.

ನೀವು ಮಾಡಬೇಕಾದ್ದು ಇಷ್ಟು. ಪಂಚಾಯತಿನ ಕ್ಯಾಂಪಿನಲ್ಲಿ ಸಾಮಾನ್ಯವಾಗಿ ಕೊಡುವುದು ಹುಚ್ಚುನಾಯಿ ರೋಗದ ಇಂಜೆಕ್ಷನ್ ಮಾತ್ರ. ಡಿಸ್ಟೆಂಪರ್, ಪಾರ್ವೊ (ನಾಯಿಗಳ ವೈರಸ್ ಭೇದಿ) ಸೇರಿದ ಲಸಿಕೆ ಬೇರೆ, ಅದನ್ನು ಕೇಳಿ ಹಾಕಿಸಬೇಕು. ಮರಿಗೆ ಆರರಿಂದ ಎಂಟು ವಾರವಾದಾಗ ಮೊದಲನೆಯದು, ಆಮೇಲೆ ಮೂರು-ನಾಲ್ಕು ವಾರಕ್ಕೊಮ್ಮೆ, ಮರಿಗೆ ನಾಲ್ಕು ತಿಂಗಳಾಗುವ ತನಕ. ರಾತ್ರಿ ನಾಯಿಯನ್ನು ಬಿಡಬೇಡಿ. ಚಿರತೆಗೂ ಒಳ್ಳೆಯದು, ನಾಯಿಗಂತೂ ಇನ್ನೂ ಒಳ್ಳೆಯದು.

ರೋಗದಿಂದಲೇ ಒಂದು ಪ್ರಾಣಿಯ ಸಂತತಿ ಪೂರ್ತಿ ನಿರ್ನಾಮವಾಗಬಹುದೇ ಡಾಕ್ಟ್ರೇ? ನಮ್ಮ ಮನೆಯ ಸುತ್ತ ಮೊದಲಿನಷ್ಟು ಕಪ್ಪೆಗಳ ಸ್ವರ ಕೇಳುವುದಿಲ್ಲ ಎಂದು ಅಜ್ಜಿ ಹೇಳುತ್ತಾರೆ. ಅದಕ್ಕೂ ರೋಗ ಕಾರಣವೇ?
– ಬಿ.ಎಸ್ಸಿ. ವಿದ್ಯಾರ್ಥಿನಿ, ಬದಿಯಡ್ಕ

ಒಳ್ಳೆಯ ಪ್ರಶ್ನೆ ತಂಗಿ. ಮೊದಲ ಭಾಗಕ್ಕೆ ಉತ್ತರ: ಅಪರೂಪ. ಕಳೆದ 500 ವರ್ಷಗಳಲ್ಲಿ ದಾಖಲಾದ 833 ಜೀವಿಗಳ ಅಳಿವನ್ನು ಕೆಲವು ವಿಜ್ಞಾನಿಗಳು 2006ರಲ್ಲಿ ಪರಿಶೀಲಿಸಿದರು. ಸಾಂಕ್ರಾಮಿಕ ರೋಗವೂ ಒಂದು ಕಾರಣ ಎಂದು ಹೇಳಬಹುದಾದದ್ದು 31ಕ್ಕೆ ಮಾತ್ರ. ನೂರಕ್ಕೆ ನಾಲ್ಕೂ ಇಲ್ಲ. ಕಾರಣ ಸರಳ. ಒಂದೇ ಪ್ರಾಣಿಯನ್ನು ನಂಬಿದ ರೋಗಾಣು ಆ ಪ್ರಾಣಿ ಕಡಿಮೆಯಾದಷ್ಟೂ ತಾನೇ ಉಪವಾಸ ಬೀಳುತ್ತದೆ. ಕೊನೆಯದನ್ನು ಹುಡುಕಿ ಕೊಲ್ಲುವುದಕ್ಕೆ ಅದರಿಂದ ಆಗುವುದಿಲ್ಲ. ಆದರೆ ಅದಕ್ಕೆ ತಂಗಲು ಇನ್ನೊಂದು ಪ್ರಾಣಿ ಇದ್ದರೆ ಲೆಕ್ಕ ಬದಲಾಗುತ್ತದೆ. ಮುಳ್ಳೇರಿಯದವರಿಗೆ ನಾಯಿಯ ವಿಷಯ ಅಷ್ಟು ಬರೆದದ್ದು ಅದಕ್ಕೇ.

ಈ ಲೆಕ್ಕವನ್ನೇ ತಲೆಕೆಳಗು ಮಾಡಿದ್ದು ಕಪ್ಪೆಗಳ ಕೈಟ್ರಿಡ್ ಶಿಲೀಂಧ್ರ. 2019ರಲ್ಲಿ ಬಂದ ಅಂದಾಜಿನ ಪ್ರಕಾರ ಕನಿಷ್ಠ 501 ಜಾತಿಯ ಉಭಯಚರಿಗಳು ಇದರಿಂದ ಕ್ಷೀಣಿಸಿವೆ, ಅವುಗಳಲ್ಲಿ 90 ಜಾತಿಗಳು ಅಳಿದೇ ಹೋದಂತಿವೆ. ಹೆಚ್ಚಿನವು ಆಸ್ಟ್ರೇಲಿಯ ಮತ್ತು ಮಧ್ಯ, ದಕ್ಷಿಣ ಅಮೆರಿಕದವು. ಬೇರೆ ಯಾವ ರೋಗವೂ ಇಷ್ಟೊಂದು ಜಾತಿಗಳಿಗೆ ಏಟು ಕೊಟ್ಟದ್ದು ದಾಖಲಾಗಿಲ್ಲ. ಕಪ್ಪೆಗೆ ಚರ್ಮವೆಂದರೆ ಬರೀ ಹೊದಿಕೆ ಅಲ್ಲ. ಅದು ಚರ್ಮದಿಂದ ಉಸಿರಾಡುತ್ತದೆ, ನೀರು ಹೀರುತ್ತದೆ, ಉಪ್ಪಿನ ಅಂಶ ಕಾಯ್ದುಕೊಳ್ಳುತ್ತದೆ. ಶಿಲೀಂಧ್ರ ಕೂತ ಚರ್ಮ ದಪ್ಪಗಾಗಿ ಆ ಕೆಲಸ ಕೆಡುತ್ತದೆ, ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಇಳಿಯುತ್ತವೆ, ಕೊನೆಗೆ ಹೃದಯ ನಿಲ್ಲುತ್ತದೆ. ಶಿಲೀಂಧ್ರದ ಮೂಲ ಕೊರಿಯಾ ಕಡೆ ಎಂದು 2018ರ ವಂಶವಾಹಿ ಅಧ್ಯಯನ ತೋರಿಸಿತು. ಅದನ್ನು ಊರೂರಿಗೆ ಕೊಂಡುಹೋದದ್ದು ಕಪ್ಪೆ ವ್ಯಾಪಾರ: ತಿನ್ನುವುದಕ್ಕೆ, ಸಾಕುವುದಕ್ಕೆ, ಪ್ರಯೋಗಶಾಲೆಗೆ. ಒಂದು ಕಾಲದಲ್ಲಿ ಹೆಂಗಸರು ಗರ್ಭಿಣಿಯೋ ಅಲ್ಲವೋ ಎಂದು ನೋಡುವುದಕ್ಕೆ ಆಫ್ರಿಕಾದ ಒಂದು ಕಪ್ಪೆಗೆ ಮೂತ್ರ ಚುಚ್ಚುತ್ತಿದ್ದರು. ಕಪ್ಪೆ ಮೊಟ್ಟೆ ಇಟ್ಟರೆ ಸಿಹಿಸುದ್ದಿ! ಅದಕ್ಕಾಗಿ ಸಾವಿರಾರು ಕಪ್ಪೆಗಳು ಹಡಗು ಹತ್ತಿದವು. ಆ ಜಾತಿ ಶಿಲೀಂಧ್ರವನ್ನು ಹೊತ್ತುಕೊಂಡೂ ಸಾಯದೆ ಇರಬಲ್ಲದು.

ಇನ್ನು ಅಜ್ಜಿಯ ಮಾತು. ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಈ ಶಿಲೀಂಧ್ರ ಪತ್ತೆಯಾಗಿದೆ. ಕೇರಳದಿಂದ 2011ರಲ್ಲೇ ವರದಿ ಬಂದಿತ್ತು. ಆದರೆ ಹೊರದೇಶಗಳಲ್ಲಿ ಆದಂತೆ ರಾಶಿ ರಾಶಿ ಸತ್ತದ್ದು ನಮ್ಮಲ್ಲಿ ದಾಖಲಾಗಿಲ್ಲ. ಏಷ್ಯಾದ ಕಪ್ಪೆಗಳು ಬಹುಕಾಲದಿಂದ ಇದರ ಜೊತೆ ಬಾಳಿವೆ ಎಂದು ಊಹೆ. ಹಾಗಾಗಿ ನಿಮ್ಮಲ್ಲಿ ಕಪ್ಪೆಯ ಸ್ವರ ಅಡಗಿದ್ದಕ್ಕೆ ಕೊರಿಯಾದ ತನಕ ಹೋಗಬೇಡಿ. ಮನೆಯೆದುರಿನ ಗದ್ದೆಗೆ ಮಣ್ಣು ತುಂಬಿಸಿ ಅಡಿಕೆ ಸಸಿ ಇಟ್ಟದ್ದು ಯಾವಾಗ, ತೋಡಿನ ಬದಿಗೆ ಕಳೆನಾಶಕ ಬಿಡಲು ಶುರು ಮಾಡಿದ್ದು ಯಾವಾಗ ಎಂದು ಅಜ್ಜಿಯನ್ನೇ ಕೇಳಿ.

ನೀರಿಗಾಗಿ ಗುಡ್ಡಕ್ಕೆ ಕೊರೆದ ನಮ್ಮ ಸುರಂಗದ ಒಳಗೆ ಸಣ್ಣ ಬಾವಲಿಗಳಿವೆ. ಅಮೆರಿಕದಲ್ಲಿ ಗುಹೆಯ ಬಾವಲಿಗಳಿಗೆ ಮೂಗಿನಲ್ಲಿ ಬಿಳಿ ಬೂಸ್ಟು ಬಂದು ಲಕ್ಷಗಟ್ಟಲೆ ಸತ್ತವಂತೆ. ಇಲ್ಲಿಗೂ ಬರಬಹುದೇ? ನಾವು ಕುಡಿಯುವುದು ಅದೇ ನೀರು.
– ಗೃಹಿಣಿ, ಬಾಯಾರು

ಆ ಬೂಸ್ಟಿನ ಮಟ್ಟಿಗೆ ನೆಮ್ಮದಿಯಾಗಿರಿ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ ಮೊದಲು ಕಂಡ ಆ ಶಿಲೀಂಧ್ರ ಚಳಿಪ್ರಿಯ. 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೆಳೆಯುವುದೇ ಕಷ್ಟ. ಅಲ್ಲಿಯ ಬಾವಲಿಗಳು ಚಳಿಗಾಲವಿಡೀ ಮೈ ತಣ್ಣಗಾಗಿಸಿಕೊಂಡು ನಿದ್ದೆ ಹೋಗುತ್ತವೆ. ಶಿಲೀಂಧ್ರ ಚರ್ಮ ಕೊರೆಯುವಾಗ ಮತ್ತೆ ಮತ್ತೆ ಎಚ್ಚರಾಗಿ, ಮೈಯ ಕೊಬ್ಬು ಕರಗಿ, ಹುಳುಹುಪ್ಪಟೆ ಇಲ್ಲದ ಹಿಮದಲ್ಲಿ ಹೊಟ್ಟೆಗಿಲ್ಲದೆ ಸಾಯುತ್ತವೆ. ಮೂರು ಜಾತಿಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚು ಹೋದವು. ನಮ್ಮ ಸುರಂಗ ಏಪ್ರಿಲಿನ ಸೆಕೆಯಲ್ಲಿ ಹೊಕ್ಕವರಿಗೆ ತಂಪು ಅನ್ನಿಸುತ್ತದೆಯೇ ಹೊರತು ಆ ಮಟ್ಟದ ಚಳಿ ಅಲ್ಲಿಲ್ಲ. ನಮ್ಮ ಬಾವಲಿಗಳಿಗೆ ವರ್ಷವಿಡೀ ಸೊಳ್ಳೆ, ಹುಳ ಸಿಗುತ್ತದೆ, ಅಂಥ ನಿದ್ದೆಯ ಅಗತ್ಯವೇ ಇಲ್ಲ.

ಹುಳ ತಿನ್ನುವ ಬಾವಲಿ ಸತ್ತ ಜಿಲ್ಲೆಗಳಲ್ಲಿ ಅಮೆರಿಕದ ರೈತರು ಕೀಟನಾಶಕದ ಬಳಕೆಯನ್ನು ಸುಮಾರು 31 ಶೇಕಡ ಏರಿಸಿದರು ಎಂದು 2024ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ನಮ್ಮೂರಿನವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ನೀರಿನ ಪ್ರಶ್ನೆ ಬೇರೆ. ಹಿಕ್ಕೆ ಬಿದ್ದ ನೀರನ್ನು ಚೆನ್ನಾಗಿ ಕುದಿಸಿಯೇ ಕುಡಿಯಿರಿ.

ದೇವಸ್ಥಾನದ ಹತ್ತಿರದ ಗೋಳಿಮರದಲ್ಲಿ ನೂರಾರು ದೊಡ್ಡ ಬಾವಲಿಗಳು ನೇತಾಡುತ್ತಿವೆ. ನಿಪಾ ಹೆದರಿಕೆಯಿಂದ ಪಟಾಕಿ ಹೊಡೆದು ಓಡಿಸೋಣ ಎಂದು ಕೆಲವರು, ಮರ ಕಡಿಯೋಣ ಎಂದು ಕೆಲವರು. ನಿಮ್ಮ ಸಲಹೆ?
– ಯುವಕ ಮಂಡಲದ ಸದಸ್ಯ, ಪೆರ್ಲ

ಎರಡೂ ಬೇಡ. 2018ರಲ್ಲಿ ಕೋಝಿಕ್ಕೋಡು ಕಡೆ ನಿಪಾ 17 ಜನರನ್ನು ಬಲಿ ತೆಗೆದುಕೊಂಡಾಗ ನಮ್ಮಲ್ಲಿಯೂ ಇದೇ ಗದ್ದಲ ಎದ್ದಿತ್ತು. ಹಣ್ಣು ತಿನ್ನುವ ಈ ಬಾವಲಿಗಳ ಮೈಯಲ್ಲಿ ವೈರಸ್ ಇರಬಹುದು, ಅವುಗಳಿಗೆ ಅದರಿಂದ ಕಾಯಿಲೆ ಆಗುವುದಿಲ್ಲ. ಆದರೆ ಹಸಿವು, ಹೆದರಿಕೆಯಿಂದ ಕಂಗೆಟ್ಟ ಬಾವಲಿ ವೈರಸನ್ನು ಹೆಚ್ಚು ಹೊರಹಾಕುವ ಸಾಧ್ಯತೆ ಇದೆ. ನೀವು ಪಟಾಕಿ ಹೊಡೆದರೆ ಅವು ಚದುರಿ ಹತ್ತು ಮನೆಯ ಪೇರಳೆ ಮರಕ್ಕೆ ಹೋಗುತ್ತವೆ, ಅಷ್ಟೇ.

ನಿಜವಾದ ಜಾಗ್ರತೆ ಬೇಕಾದ್ದು ತೋಟದಲ್ಲಿ. ಬಾವಲಿ ಸಿಪ್ಪೆ ಚೀಪಿ ಉದುರಿಸಿದ ಅಡಿಕೆ, ಗೇರುಬೀಜ ಹೆಕ್ಕುವುದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಹೆಕ್ಕುವಾಗ ಕೈಗವಸು ಹಾಕಿ, ಸಾಬೂನಿನಲ್ಲಿ ಕೈ ತೊಳೆಯಿರಿ. ಕಚ್ಚಿದ ಹಣ್ಣು ಮಕ್ಕಳ ಬಾಯಿಗೂ ಬೇಡ, ದನದ ಬಾನಿಗೂ ಬೇಡ.

ಕಾಡುಹಂದಿಗಳು ಹಂದಿಜ್ವರದಿಂದ ಸಾಯುತ್ತಿವೆ ಎಂದು ಕೇಳಿದೆ. ಸತ್ಯ ಹೇಳಬೇಕೆಂದರೆ ನನಗೆ ಖುಷಿಯಾಯಿತು. ತಪ್ಪೇ?
– ಮರಗೆಣಸು ಬೆಳೆದು ಸೋತವ, ಪೈವಳಿಕೆ

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಆಫ್ರಿಕನ್ ಹಂದಿಜ್ವರ ನಿಮ್ಮ ಗೆಣಸು ನೋಡಿ ಬಂದದ್ದಲ್ಲ. 2020ರಲ್ಲಿ ಅಸ್ಸಾಂ, ಅರುಣಾಚಲದ ಸಾಕುಹಂದಿಗಳಲ್ಲಿ ಕಾಣಿಸಿಕೊಂಡು 2022ರ ಜುಲೈಯಲ್ಲಿ ವಯನಾಡಿಗೆ ಬಂತು, 2023ರ ಜನವರಿಯಲ್ಲಿ ಮುದುಮಲೆಯ ಕಾಡುಹಂದಿಗಳನ್ನು ಕೊಂದಿತು. ಮನುಷ್ಯರಿಗೆ ಬರುವುದಿಲ್ಲ, ಹಂದಿಗೆ ಮದ್ದಿಲ್ಲ. ನಾಲ್ಕು ಹಂದಿ ಸಾಕಿ ಬದುಕುವ ನಿಮ್ಮ ನೆರೆಯವರ ಗೂಡು ಒಂದೇ ವಾರದಲ್ಲಿ ಖಾಲಿಯಾಗುತ್ತದೆ. ಅಸ್ಸಾಮಿನಲ್ಲಿ ಮೊಲದಷ್ಟೇ ಎತ್ತರದ ಕುಬ್ಜಹಂದಿಗಳಿವೆ, ಪ್ರಪಂಚದಲ್ಲಿ ಉಳಿದದ್ದು ಅಲ್ಲಿ ಮಾತ್ರ. ಅವುಗಳ ಕಾಡಿಗೆ ಈ ವೈರಸ್ ಹೊಕ್ಕರೆ ಮುಗಿಯಿತು. ಕಾಡುಹಂದಿ ಕಡಿಮೆಯಾದರೆ ಚಿರತೆ ಯಾರ ಹಟ್ಟಿಗೆ ಬರುತ್ತದೆ ಎಂದೂ ಯೋಚಿಸಿ.

ನಮ್ಮ ಮೋಯಾರ್ ಕಣಿವೆಯ ಕಡೆ ರಣಹದ್ದುಗಳು ಇನ್ನೂ ಇವೆ. ಬೇರೆಡೆ ಅವು ಅಳಿದದ್ದು ಯಾವುದೋ ವೈರಸ್ಸಿನಿಂದಲೇ?
– ಶಿಕ್ಷಕ, ತಾಳವಾಡಿ, ಈರೋಡು ಜಿಲ್ಲೆ

ಮೊದಲು ಎಲ್ಲರೂ ಹಾಗೇ ತಿಳಿದಿದ್ದರು. ಮರದ ಮೇಲೆ ಕತ್ತು ಜೋತುಬಿಟ್ಟು ಕೂತು, ದೊಪ್ಪನೆ ಬಿದ್ದು ಸಾಯುತ್ತಿದ್ದ ಹಕ್ಕಿಗಳನ್ನು ನೋಡಿ ಸಾಂಕ್ರಾಮಿಕ ರೋಗವೆಂದೇ ಸಂಶಯಪಟ್ಟರು. ಅದನ್ನೇ ವರ್ಷಗಟ್ಟಲೆ ಹುಡುಕಿದರು. ಸತ್ತ ಹಕ್ಕಿಯನ್ನು ಕೊಯ್ದರೆ ಕರುಳು, ಪಿತ್ತಜನಕಾಂಗದ ಮೇಲೆಲ್ಲ ಸುಣ್ಣ ಬಳಿದ ಹಾಗೆ ಬೆಳ್ಳಗೆ ಯೂರಿಕ್ ಆಮ್ಲ. ಅಂದರೆ ಮೂತ್ರಪಿಂಡ ಕೈಕೊಟ್ಟಿದೆ. 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ಕಾರಣ ಹಿಡಿದರು: ಡೈಕ್ಲೊಫೆನಾಕ್, ದನಗಳ ನೋವಿಗೆ ನಮ್ಮ ಕಸುಬಿನವರು ಊರೆಲ್ಲ ಚುಚ್ಚುತ್ತಿದ್ದ ಅಗ್ಗದ ಮದ್ದು. ಹದ್ದುಗಳು ತಿನ್ನುವ ನೂರು ದನದ ಹೆಣಗಳಲ್ಲಿ ಒಂದರಲ್ಲಿ ಅದು ಉಳಿದಿದ್ದರೂ ಹದ್ದುಗಳ ಸಂಖ್ಯೆ ಕುಸಿಯಲು ಸಾಕು. ಬಿಳಿಬೆನ್ನಿನ ರಣಹದ್ದುಗಳಲ್ಲಿ 1992ರಿಂದ 2007ರೊಳಗೆ ಸಾವಿರಕ್ಕೆ ಒಂದು ಉಳಿಯಿತು. 2006ರಲ್ಲಿ ಪಶುಗಳಿಗೆ ಅದನ್ನು ಕೊಡುವುದಕ್ಕೆ ನಿಷೇಧ ಬಂತು, 2023ರಲ್ಲಿ ಅಂಥದೇ ನೋವಿನ ಮದ್ದುಗಳಾದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್‌ಗೂ ಬಂತು. ಮೆಲಾಕ್ಸಿಕ್ಯಾಮ್ ಆದರೆ ಹದ್ದಿಗೆ ತೊಂದರೆ ಇಲ್ಲ. ನಿಮ್ಮ ಕಡೆಯ ಮೆಡಿಕಲ್ ಅಂಗಡಿಯಲ್ಲಿ ಮನುಷ್ಯರ ಹೆಸರಿನಲ್ಲಿ ಡೈಕ್ಲೊಫೆನಾಕ್ ತಂದು ದನಕ್ಕೆ ಚುಚ್ಚುವವರಿದ್ದರೆ, ಮೇಷ್ಟ್ರೇ, ಮಕ್ಕಳ ಮೂಲಕ ಮನೆಮನೆಗೆ ಈ ಮಾತು ಮುಟ್ಟಿಸಿ.

ತುಡುವೆ ಜೇನಿನ ಪೆಟ್ಟಿಗೆಗಳು ಮೂವತ್ತು ವರ್ಷಗಳ ಹಿಂದೆ ಒಮ್ಮೆಲೇ ಖಾಲಿಯಾದದ್ದು ಏಕೆ?
– ಜೇನು ಕೃಷಿಕ, ನೀರ್ಚಾಲು

ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್. 1991-92ರಲ್ಲಿ ಕೇರಳ, ಕರ್ನಾಟಕ, ತಮಿಳುನಾಡಿನ ಬಹುಪಾಲು ಜೇನು ಕುಟುಂಬಗಳನ್ನು ಮುಗಿಸಿತು. ಎರಿ ಎತ್ತಿ ನೋಡಿದರೆ ಕೋಶದೊಳಗಿನ ಮರಿಹುಳ ತಲೆ ಮೇಲೆತ್ತಿ ಸತ್ತಿರುತ್ತದೆ, ಚಿಮಟದಲ್ಲಿ ಎತ್ತಿದರೆ ನೀರು ತುಂಬಿದ ಚೀಲ. ಪೆಟ್ಟಿಗೆಯ ಜೇನು, ಮರದ ಪೊಟರೆಯ ಜೇನು ಎಂಬ ಭೇದ ವೈರಸ್ಸಿಗಿಲ್ಲ. ತಡೆದುಕೊಂಡು ಉಳಿದ ಕುಟುಂಬಗಳಿಂದಲೇ ಮತ್ತೆ ಸಂತತಿ ಬೆಳೆಯಿತು. ರೋಗ ಕಂಡ ಪೆಟ್ಟಿಗೆಯ ಎರಿಯನ್ನು ಇನ್ನೊಂದಕ್ಕೆ ಕೊಡಬೇಡಿ. ಹೊಸ ಕುಟುಂಬ ಹಿಡಿಯಲು ದೂರದ ಊರಿನ ಅಗ್ಗದ ಪೆಟ್ಟಿಗೆಗೂ ಆಸೆಪಡಬೇಡಿ.

ತೋಟದಲ್ಲಿ ಮಂಗ ಸತ್ತು ಬಿದ್ದರೆ ಹೂತುಹಾಕಿದರೆ ಸಾಕೇ?
– ಓದುಗ, ಆದೂರು

ಮೊದಲು ಹತ್ತಿರ ಹೋಗಬೇಡಿ. ಮಂಗನ ಕಾಯಿಲೆ 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದೇ ಮಂಗಗಳು ಸತ್ತದ್ದರಿಂದ. ವಯನಾಡಿಗೂ ಅದು ಬಂದಿದೆ. ಹೆಸರು ಮಂಗನದ್ದಾದರೂ ವೈರಸ್ಸನ್ನು ವರ್ಷವಿಡೀ ಇಟ್ಟುಕೊಳ್ಳುವುದು ಉಣ್ಣೆ ಮತ್ತು ಇಲಿ-ಮೂಗಿಲಿಗಳು. ಮಂಗ ನಮ್ಮ ಹಾಗೆ ಸಾಯುವ ಬಡಪಾಯಿ. ಮೈ ತಣ್ಣಗಾದ ಕೂಡಲೇ ಅದರ ಮೇಲಿದ್ದ ಉಣ್ಣೆಗಳು ಇಳಿದು ಸುತ್ತಲಿನ ತರಗೆಲೆಯಲ್ಲಿ ಹರಡುತ್ತವೆ. ಹೂಳಲು ಹೋದವರ ಕಾಲಿಗೆ ಹತ್ತುವುದು ಅವೇ. ಜಾಗ ಗುರುತಿಟ್ಟು ಅರಣ್ಯ ಇಲಾಖೆಗೂ ಆರೋಗ್ಯ ಕೇಂದ್ರಕ್ಕೂ ಅದೇ ದಿನ ಫೋನ್ ಮಾಡಿ. ತಡವಾದರೆ ಮಾದರಿ ಕೊಳೆತು ಪರೀಕ್ಷೆಗೆ ಬರುವುದಿಲ್ಲ, ಕರೆಂಟು ಹೊಡೆದು ಸತ್ತದ್ದೋ ವಿಷ ತಿಂದು ಸತ್ತದ್ದೋ ಕಾಯಿಲೆಯೋ ಎಂದು ತಿಳಿಯುವುದೇ ಇಲ್ಲ. ಅವರು ಬಂದುಹೋಗುವ ತನಕ ಆ ಬದಿಗೆ ದನ ಕಟ್ಟಬೇಡಿ, ಸೊಪ್ಪು ತರುವವರನ್ನೂ ಕಳಿಸಬೇಡಿ.